ಐದನೇ ಮಹಡಿಯ ಗಾಳಿ ಅಳೆದ ‘ಹ್ಯಾಕರ್’

ಕೋವಿಡ್ ತಗ್ಗಿ, ಕಂಪನಿಗಳು ಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದ ನೌಕರರನ್ನು ಮತ್ತೆ ಆಫೀಸಿಗೆ ಎಳೆದು ತಂದ ವರ್ಷ ಅದು. ಹೈದರಾಬಾದಿನ ಸಾರ್ವಜನಿಕ ವಲಯದ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪರೀಕ್ಷಾ ವಿಭಾಗದಿಂದ ನಾನು ನಿವೃತ್ತನಾಗಿ ಕೆಲವು ವರ್ಷಗಳಾಗಿದ್ದವು. ಕೆಟ್ಟ ಉಪಕರಣ ಯಾಕೆ ಕೆಟ್ಟಿತು ಎಂದು ಹುಡುಕಿ ಬರೆದುಕೊಡುವುದು ನಾನು ಜೀವಮಾನವೆಲ್ಲ ಮಾಡಿದ ಕೆಲಸ. ನಿವೃತ್ತಿಯ ಮೇಲೂ ಅದೇ ಕೆಲಸ ಇನ್ನೊಂದು ವೇಷದಲ್ಲಿ ಮನೆಗೆ ಬರುತ್ತಿತ್ತು. ಖಾಸಗಿ ಕಂಪನಿಗಳ ಆಂತರಿಕ ವಿಚಾರಣೆಯಲ್ಲಿ ಯಾವುದಾದರೂ ಯಂತ್ರದ ಮಾತು ಬಂದರೆ ಹೊರಗಿನ ತಾಂತ್ರಿಕ ಸದಸ್ಯನಾಗಿ ನನ್ನನ್ನು ಕರೆಯುತ್ತಿದ್ದರು. ಕರೆಯುವವರಿಗೆ ನನ್ನ ತಿಳಿವಳಿಕೆ ಬೇಕಿತ್ತು ಎಂಬ ಭ್ರಮೆ ನನಗೆ ಬಹಳ ದಿನ ಉಳಿಯಲಿಲ್ಲ. ಅವರು ಮೊದಲೇ ಮಾಡಿಕೊಂಡ ತೀರ್ಮಾನದ ಕೆಳಗೆ ಹೊರಗಿನವನೊಬ್ಬನ ಸಹಿ ಬೇಕಿತ್ತು, ಅಷ್ಟೆ.

ಬೇಸಿಗೆಯ ಒಂದು ಬೆಳಗ್ಗೆ ಪದ್ಮಜಾ ಎಂಬವರ ಫೋನ್ ಬಂತು. ನಗರದ ಪಶ್ಚಿಮಕ್ಕಿರುವ ಗಾಜಿನ ಕಟ್ಟಡಗಳಲ್ಲಿ ಒಂದರಲ್ಲಿ, ವಿದೇಶಿ ವಿಮಾ ಕಂಪನಿಗಳ ಲೆಕ್ಕಪತ್ರಕ್ಕೆ ಸಾಫ್ಟ್‌ವೇರ್ ಮಾಡುವ ಸಂಸ್ಥೆಗೆ ಅವರು ಎಚ್.ಆರ್. ಮುಖ್ಯಸ್ಥೆ. ಐದನೇ ಮಹಡಿಯಲ್ಲಿ ಒಬ್ಬ ಉದ್ಯೋಗಿಯ ಮೇಜಿನ ಕೆಳಗೆ ಹ್ಯಾಕಿಂಗ್ ಉಪಕರಣ ಸಿಕ್ಕಿದೆ, ಗ್ರಾಹಕರ ಮಾಹಿತಿ ಕದಿಯಲು ಇಟ್ಟದ್ದು, ಹುಡುಗಿಯನ್ನು ಅಮಾನತು ಮಾಡಿದ್ದೇವೆ, ವಿಚಾರಣೆಗೆ ನೀವು ಬರಬೇಕು ಎಂದರು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಆದರೂ ಅವರ ಬಾಯಲ್ಲಿ ಅದು ‘ಹ್ಯಾಕಿಂಗ್ ಉಪಕರಣ’ ಆಗಿಬಿಟ್ಟಿತ್ತು. ಪೊಲೀಸರಿಗೆ ದೂರು ಕೊಡುವುದೋ ಬರಿಯ ವಜಾ ಸಾಕೋ ಎಂಬುದಷ್ಟೇ ಅವರಲ್ಲಿ ಉಳಿದಿದ್ದ ಚರ್ಚೆ.

ಅಂದೇ ಸಂಜೆ ಅವರು ತನಿಖಾ ವರದಿಯೊಂದನ್ನು ಕಳಿಸಿದರು. ಅದನ್ನು ಬರೆದವನು ವಿಕ್ರಮ್, ಹೊರಗಿನ ಸೈಬರ್ ಭದ್ರತಾ ಸಲಹೆಗಾರ. ಮುಖಪುಟದ ಮೇಲೆ ತಲೆಗೆ ಕುಲಾವಿ ಎಳೆದುಕೊಂಡು ಕತ್ತಲಲ್ಲಿ ಕೂತ ಮನುಷ್ಯನ ಚಿತ್ರ. ಒಳಗೆ ಪುಟಪುಟಕ್ಕೂ ಕೆಂಪು ತ್ರಿಕೋನ. ನಾನು ಕೆಲಸದಲ್ಲಿದ್ದಾಗ ನನ್ನ ಕೈಕೆಳಗಿನ ಟ್ರೈನಿ ಯಾರಾದರೂ ಇಂಥ ವರದಿ ತಂದಿದ್ದರೆ, ಅವನನ್ನು ಮತ್ತೆ ಮೊದಲ ದಿನದ ಬೆಂಚಿಗೆ ಕೂರಿಸುತ್ತಿದ್ದೆ. ಡಬ್ಬಿಯೊಳಗೆ ಏನಿದೆ ಎಂಬುದಕ್ಕೆ ಅದರಲ್ಲಿ ಒಂದು ಮಸುಕು ಫೋಟೋ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ‘ಅಪಾಯದ ದೃಷ್ಟಿಯಿಂದ ತೆರೆಯಲಾಗಿಲ್ಲ’ ಎಂದು ಬರೆದಿದ್ದ. ಒಣದ್ರಾಕ್ಷಿ, ಗೋಡಂಬಿ ಮಾರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಅದು. ತೆರೆಯದೆಯೂ ಒಳಗಿದ್ದದ್ದೆಲ್ಲ ಕಾಣುತ್ತಿತ್ತು, ನೋಡುವವನಿಗೆ ಗುರುತು ಸಿಗಬೇಕು ಅಷ್ಟೆ.

ವರದಿಯ ಮುಖ್ಯ ಆಧಾರ ಬೇರೆಯೇ ಇತ್ತು. ಹುಡುಗಿಯ ಆಫೀಸ್ ಲ್ಯಾಪ್‌ಟಾಪಿನಲ್ಲಿ, ಮತ್ತೆ ನೋಡಲೆಂದು ಗುರುತು ಹಾಕಿಟ್ಟ ಜಾಲತಾಣಗಳ ಒಂದು ಫೋಲ್ಡರ್ ಸಿಕ್ಕಿತ್ತು. ಅದಕ್ಕೆ ಅವಳು ‘ಹಾರ್ಡ್‌ವೇರ್ ಹ್ಯಾಕಿಂಗ್: ಉಪಯುಕ್ತ’ ಎಂದು ಹೆಸರಿಟ್ಟಿದ್ದಳು. ವಿಕ್ರಮನಿಗೆ ಅಲ್ಲಿಗೆ ಮೊಕದ್ದಮೆ ಮುಗಿದಿತ್ತು. ಕಳ್ಳಿ ತಾನೇ ಫೋಲ್ಡರಿಗೆ ‘ಕಳ್ಳತನ’ ಎಂದು ಹೆಸರಿಟ್ಟಿದ್ದಾಳೆ, ಇನ್ನೇನು ಬೇಕು ಎಂಬ ಧಾಟಿ. ಪ್ರತಿ ತಾಣದ ಮುಂದೆಯೂ ಅದು ಎಷ್ಟು ಅಪಾಯಕಾರಿ ಎಂದು ಬರೆದಿದ್ದ. ಚಿಪ್ ತಯಾರಕರು ತಮ್ಮ ಚಿಪ್ ಹೇಗೆ ಕೆಲಸ ಮಾಡುತ್ತದೆಂದು ಲೋಕಕ್ಕೆಲ್ಲ ಬಿಟ್ಟಿಯಾಗಿ ಕೊಡುವ ವಿವರಪತ್ರ, ಅಂದರೆ ಡೇಟಾಶೀಟ್, ಅವನ ಪಾಲಿಗೆ ‘ರಹಸ್ಯ ತಾಂತ್ರಿಕ ದಾಖಲೆ’. ತಂತಿ, ದೀಪ, ಬೋರ್ಡುಗಳನ್ನು ಪರದೆಯ ಮೇಲೆಯೇ ಜೋಡಿಸಿ ಪ್ರೋಗ್ರಾಮ್ ಓಡಿಸಿ ನೋಡುವ ಸಿಮ್ಯುಲೇಟರ್ ‘ದಾಳಿಯ ತಾಲೀಮು ಕೇಂದ್ರ’. ಹವ್ಯಾಸಿಗಳು ಪರಸ್ಪರ ಪ್ರಶ್ನೆ ಕೇಳಿಕೊಳ್ಳುವ ಫೋರಂ ‘ಅನಾಮಧೇಯ ವಿದೇಶಿ ಸಂಪರ್ಕ’. ಹಳೆಯ ರೇಡಿಯೋ ಬಿಚ್ಚಿ ರಿಪೇರಿ ಮಾಡುವುದನ್ನು ತೋರಿಸುವ ಒಬ್ಬ ವಯಸ್ಸಾದ ಮೇಷ್ಟ್ರ ವಿಡಿಯೋ ಚಾನೆಲ್ ‘ದೂರ ತರಬೇತಿ’.

ಓದುಗರಿಗೆ ಎರಡು ಮಾತು ಹೇಳಬೇಕು. ಮೈಕ್ರೋಕಂಟ್ರೋಲರ್ ಎಂದರೆ ಒಂದೇ ಚಿಪ್ಪಿನೊಳಗೆ ಅಡಗಿದ ಪುಟ್ಟ ಕಂಪ್ಯೂಟರ್. ವಾಷಿಂಗ್ ಮಶಿನ್ನಿನಲ್ಲಿ, ಗೀಸರಿನಲ್ಲಿ, ಮಕ್ಕಳ ಆಟಿಕೆಯಲ್ಲಿ ಇರುವುದು ಅದೇ. ಅದಕ್ಕೆ ಏನು ಮಾಡಬೇಕೆಂದು ನಾವೇ ಬರೆದು ತುಂಬಿಸಬಹುದು. ಹೀಗೆ ಒಂದು ವಸ್ತುವನ್ನು ಬಿಚ್ಚಿ, ಅರ್ಥ ಮಾಡಿಕೊಂಡು, ತಯಾರಿಸಿದವರು ಯೋಚಿಸಿರದ ಕೆಲಸವನ್ನು ಅದರಿಂದ ಮಾಡಿಸುವುದಕ್ಕೆ ಹವ್ಯಾಸಿಗಳು ಹಾರ್ಡ್‌ವೇರ್ ಹ್ಯಾಕಿಂಗ್ ಎನ್ನುತ್ತಾರೆ. ಬ್ಯಾಂಕಿನ ಪಾಸ್‌ವರ್ಡ್ ಕದಿಯುವುದಕ್ಕೂ ಇದಕ್ಕೂ ಇರುವ ನಂಟು, ಅಡುಗೆ ಚಾಕುವಿಗೂ ಕೊಲೆಗೂ ಇರುವಷ್ಟೇ. ಇಷ್ಟು ಗೊತ್ತಿಲ್ಲದಿರುವುದು ಯಾರಿಗೂ ಅವಮಾನವಲ್ಲ. ಆದರೆ ಭದ್ರತಾ ತಜ್ಞನೆಂದು ಬೋರ್ಡು ಹಾಕಿಕೊಂಡವನಿಗೆ ಗೊತ್ತಿಲ್ಲದಿರುವುದು, ಗೊತ್ತಿಲ್ಲದೆಯೇ ಒಬ್ಬಳ ಅನ್ನಕ್ಕೆ ಕೈ ಹಾಕುವುದು ನನಗೆ ಅಸಹ್ಯ ಹುಟ್ಟಿಸಿತು.

ಎರಡು ದಿನದ ಮೇಲೆ ಡಬ್ಬಿಯನ್ನು ಪರೀಕ್ಷಿಸಲು ಆ ಕಟ್ಟಡಕ್ಕೆ ಹೋದೆ. ಉಪಕರಣ ಮಾಡಿದವಳು ಎದುರಿಗಿರಬೇಕು, ಪದ್ಮಜಾ ಅವರೂ ಇರಬೇಕು ಎಂಬುದು ನನ್ನ ಷರತ್ತು. ಹುಡುಗಿಯ ಹೆಸರು ರೇಣುಕಾ. ಸಾಫ್ಟ್‌ವೇರ್ ಪರೀಕ್ಷಿಸುವ ಟೆಸ್ಟರ್ ಕೆಲಸ. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ರಿಸೆಪ್ಶನ್ನಿನ ಸೋಫಾದ ತುದಿಯಲ್ಲಿ ಕೂತು ಫೋನಿನಲ್ಲಿ ಯಾರಿಗೋ ‘ಇಲ್ಲಪ್ಪ, ರಜಾ ಹಾಕೀನಿ, ಮೈಯಾಗ ಆರಾಮಿಲ್ಲ’ ಎನ್ನುತ್ತಿದ್ದಳು. ಮಾತು ಕೇಳಿದ ಕೂಡಲೇ ರಾಯಚೂರು ಕಡೆಯವಳು ಎಂದು ತಿಳಿಯಿತು. ನಾನು ಕಲಬುರಗಿ ಜಿಲ್ಲೆಯವನು. ಆದರೂ ಆಗ ಮಾತನಾಡಿಸಲಿಲ್ಲ. ವಿಚಾರಣೆಯ ಸದಸ್ಯ ಆರೋಪಿಯ ಜೊತೆ ಮೂಲೆಯಲ್ಲಿ ನಿಂತು ಊರು ಕೇರಿ ವಿಚಾರಿಸಿದರೆ ಅದನ್ನೇ ಹಿಡಿದು ಆಡುವ ಜನ ಅವರು. ಒಳಗೆ ಹೋದ ಮೇಲೆ, ಎಲ್ಲರ ಮುಂದೆಯೇ ಅವಳಿಗೆ ಇಷ್ಟವಾದ ಭಾಷೆಯಲ್ಲಿ ಹೇಳಲಿ, ನಾನು ವಾಕ್ಯ ವಾಕ್ಯಕ್ಕೂ ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದು ಪದ್ಮಜಾ ಅವರ ಒಪ್ಪಿಗೆ ಪಡೆದೆ.

ಅವಳು ಹೇಳಿದ್ದು ಇಷ್ಟು. ಆಫೀಸಿಗೆ ಮರಳಿದ ಮೊದಲ ವಾರದಿಂದ ಮಧ್ಯಾಹ್ನ ಊಟದ ಮೇಲೆ ತಲೆನೋವು ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು, ಕನ್ನಡಕ ಬದಲಿಸಲು ಹೇಳಿದರು. ಶನಿವಾರ, ಭಾನುವಾರ ಮಾತ್ರ ನೋವು ಇರುತ್ತಿರಲಿಲ್ಲ. ಅಕ್ಕಪಕ್ಕದ ಮೇಜಿನವರಿಗೂ ಹಾಗೇ ಆಗುತ್ತಿತ್ತು. ಗರ್ಭಿಣಿಯಾಗಿದ್ದ ಒಬ್ಬ ಸಹೋದ್ಯೋಗಿ ಮೀಟಿಂಗ್ ರೂಮಿನಲ್ಲಿ ತಲೆ ಸುತ್ತಿ ಬಿದ್ದಳು. ಊಟ ಸರಿಯಾಗಿ ಮಾಡಿಲ್ಲ ಎಂದು ಅವಳಿಗೇ ಬುದ್ಧಿ ಹೇಳಿ ಮನೆಗೆ ಕಳಿಸಿದರು. ಒಳಗಿನ ಗಾಳಿ ಸರಿಯಿಲ್ಲವೇನೋ ಎಂದು ರೇಣುಕಾ ಕಟ್ಟಡದ ಉಸ್ತುವಾರಿಯ ಮುಖ್ಯಸ್ಥ ಸುಧಾಕರ್ ಅವರಿಗೆ ಮೇಲ್ ಬರೆದಳು. ‘ನಮ್ಮ ಕಟ್ಟಡದ ಗಾಳಿ ಅಂತಾರಾಷ್ಟ್ರೀಯ ಗುಣಮಟ್ಟದ್ದು’ ಎಂಬ ಒಂದು ಸಾಲಿನ ಉತ್ತರ ಬಂತು. ಯಾವ ಗುಣಮಟ್ಟ, ಯಾರು ಅಳೆದರು ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ.

ಅಳೆಯುವುದನ್ನು ತಾನೇ ಕಲಿಯಬೇಕೆಂದು ಅವಳು ಹೊರಟದ್ದು ಆಗ. ಅಮೀರ್‌ಪೇಟಿನ ಹಾಸ್ಟೆಲಿನಲ್ಲಿದ್ದವಳಿಗೆ ಕೋಚಿಂಗಿಗೆ ಏನು ಕೊರತೆ. ಕೆಳಗಿನ ಬೀದಿಯಲ್ಲೇ ‘ಎಂಬೆಡೆಡ್’, ಅಂದರೆ ಮೈಕ್ರೋಕಂಟ್ರೋಲರ್ ಕಲಿಸುವ, ಕೋರ್ಸ್ ನಡೆಸುವ ಒಂದು ಸಂಸ್ಥೆ ಸೇರಿದಳು. ಅಲ್ಲಿ ಕೊಟ್ಟದ್ದು ಎಲ್ಲಿಂದಲೋ ನಕಲು ಮಾಡಿದ, ಅಕ್ಷರ ಕಾಣದ ಜೆರಾಕ್ಸ್ ಪುಸ್ತಕ. ಬೋರ್ಡನ್ನು ಮೇಷ್ಟ್ರು ಮೇಲೆತ್ತಿ ತೋರಿಸುತ್ತಿದ್ದರು, ವಿದ್ಯಾರ್ಥಿಗಳು ಮುಟ್ಟುವ ಹಾಗಿರಲಿಲ್ಲ. ಇಂಟರ್‌ವ್ಯೂನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಸುವುದೇ ಅಲ್ಲಿನ ವಿದ್ಯೆ. ಅದನ್ನು ಬಿಟ್ಟು ಅಂತರ್ಜಾಲಕ್ಕೆ ಬಿದ್ದಳು.

ಅಲ್ಲಿಯೂ ಕಸ ಕಡಿಮೆಯಿಲ್ಲ. ಈ ವಿಷಯದಲ್ಲಿ ನನಗೂ ಸ್ವಂತ ಸಿಟ್ಟಿದೆ. ‘ಹತ್ತು ನಿಮಿಷದಲ್ಲಿ ಗಾಳಿಯ ಗುಣಮಟ್ಟ ಅಳೆಯಿರಿ’ ಎಂಬಂಥ ಬರಹಗಳು ಸಾಲುಸಾಲಾಗಿ ಸಿಗುತ್ತವೆ. ಒಬ್ಬ ಬರೆದ ತಪ್ಪನ್ನು ಉಳಿದವರೆಲ್ಲ ಅಲ್ಪವಿರಾಮವನ್ನೂ ಬದಲಿಸದೆ ನಕಲು ಮಾಡಿರುತ್ತಾರೆ. ಅಂಥ ಒಂದನ್ನು ನಂಬಿ ರೇಣುಕಾ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಬಿಡಿಭಾಗಗಳ ಅಂಗಡಿಯಿಂದ ಅಗ್ಗದ ಸೆನ್ಸರ್ ತಂದಳು. ಜನರ ಉಸಿರಿನಿಂದ ಕೋಣೆಯಲ್ಲಿ ಸೇರಿಕೊಳ್ಳುವ ಇಂಗಾಲದ ಡೈಆಕ್ಸೈಡ್ ಅಳೆಯುತ್ತದೆ ಎಂದು ಆ ಬರಹದಲ್ಲಿತ್ತು. ಪಕ್ಕದಲ್ಲಿ ಯಾರಾದರೂ ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡರೆ ಅದರ ಅಂಕಿ ಜಿಗಿಯುತ್ತಿತ್ತು. ಹಾಸ್ಟೆಲಿನಲ್ಲಿ ಒಗ್ಗರಣೆ ಬಿದ್ದರೂ ಜಿಗಿಯುತ್ತಿತ್ತು. ಅನುಮಾನ ಬಂದು ಹವ್ಯಾಸಿಗಳ ಫೋರಂನಲ್ಲಿ ಕೇಳಿದಳು. ಯಾವುದೋ ದೇಶದ ಒಬ್ಬ ಮುದುಕ ಉಗಿದು ಉತ್ತರ ಬರೆದನಂತೆ: ಆ ಸೆನ್ಸರಿನ ಡೇಟಾಶೀಟಿನ ಮೊದಲ ಪುಟ ಓದು, ಓದಿದ ಮೇಲೂ ಪ್ರಶ್ನೆ ಉಳಿದರೆ ಬಾ. ಓದಿದಳು. ಅದು ಬೇರೆ ಆವಿಗಳಿಗೆ ಸ್ಪಂದಿಸುವ ಸೆನ್ಸರ್, ಅವಳಿಗೆ ಬೇಕಾದ ಅನಿಲ ಅದರ ಪಟ್ಟಿಯಲ್ಲೇ ಇರಲಿಲ್ಲ. ಅತಿಗೆಂಪು ಬೆಳಕು ಹಾಯಿಸಿ ಅಳೆಯುವ ಸರಿಯಾದ ಸೆನ್ಸರ್ ಯಾವುದೆಂದು ಹುಡುಕಿ, ಅದರ ಡೇಟಾಶೀಟನ್ನು ಕೊನೆಯವರೆಗೂ ಓದಿ, ತರಿಸಿಕೊಂಡಳು. ಹಾಸ್ಟೆಲಿನ ಮಾಳಿಗೆಯ ಮೇಲೆ ತೆರೆದ ಗಾಳಿಯಲ್ಲಿಟ್ಟು ಅಂಕಿ ಸರಿಯಿದೆಯೇ ಎಂದು ನೋಡಿದಳು. ಜಾಲದಲ್ಲಿ ಕಲಿಯಲು ಹೊರಟವರಿಗೆ ನಾನು ಹೇಳುವುದೂ ಇದನ್ನೇ. ಬೆನ್ನು ತಟ್ಟುವ ತಾಣಗಳನ್ನು ಬಿಡಿ, ಉಗಿಯುವ ಮುದುಕರಿರುವ ಜಾಗ ಹುಡುಕಿ.

ಅಷ್ಟು ಕಷ್ಟ ಯಾಕೆ, ಸಿದ್ಧ ಮೀಟರ್ ಕೊಳ್ಳಬಹುದಿತ್ತಲ್ಲ ಎಂದು ಕೇಳಿದೆ.

“ಕೊಂಡಿದ್ರ ನಂಬರ್ ಅಷ್ಟ ಸಿಗತಿತ್ರಿ ಸರ್,” ಎಂದಳು. “ಆ ನಂಬರ್ ಎಲ್ಲಿಂದ ಬಂತು ಅಂತ ಅವರು ಕೇಳಿದ್ರ ನನ್ನ ಹತ್ರ ಉತ್ತರ ಇರತಿರಲಿಲ್ಲ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪದ್ಮಜಾ ತಲೆಯಾಡಿಸಿ ಫೋನ್ ನೋಡಿಕೊಂಡರು.

ಡಬ್ಬಿಯನ್ನು ಮೇಜಿನ ಕೆಳಗೆ ಬಚ್ಚಿಟ್ಟಿದ್ದಳು ಎಂಬ ಆರೋಪಕ್ಕೂ ಉತ್ತರ ಸರಳವಾಗಿತ್ತು. ಮೇಜಿನ ಮೇಲಿಟ್ಟರೆ ತನ್ನ ಉಸಿರೇ ನೇರವಾಗಿ ಬಡಿದು ಅಂಕಿ ಕೆಡುತ್ತದೆ ಎಂದು ಪಕ್ಕದ ಕಪಾಟಿನ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದಳು. ಕಂಪನಿಯ ಕಂಪ್ಯೂಟರಿಗೆ ಅದನ್ನು ಎಂದೂ ಜೋಡಿಸಿರಲಿಲ್ಲ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ ಮೊಬೈಲ್ ಚಾರ್ಜರಿನಿಂದ ಅದಕ್ಕೆ ವಿದ್ಯುತ್ತು. ಒಂದು ವಾರದ ಅಳತೆ ಆದ ಮೇಲೆ ಅಂಕಿಗಳ ಸಮೇತ ಸುಧಾಕರ್ ಅವರಿಗೆ ಮತ್ತೆ ಮೇಲ್ ಹಾಕಿದಳು. ಡಬ್ಬಿ ಎಲ್ಲಿಟ್ಟಿದ್ದೇನೆ ಎಂಬುದನ್ನೂ ಅದರಲ್ಲಿ ಬರೆದಿದ್ದಳು. ಮರುದಿನ ಬೆಳಗ್ಗೆ ಭದ್ರತಾ ಸಿಬ್ಬಂದಿ ನೇರವಾಗಿ ಬಂದು ಅದನ್ನು ‘ಪತ್ತೆ’ ಮಾಡಿದರು. ಪದ್ಮಜಾ ಅವರಿಗೆ ಆ ಮೇಲ್ ವಿಷಯ ಗೊತ್ತಿರಲಿಲ್ಲ. ವಿಕ್ರಮನ ವರದಿಯಲ್ಲಿಯೂ ಅದರ ಸುಳಿವಿಲ್ಲ. ಅವನನ್ನು ನೇಮಿಸಿದವರು ಯಾರು ಎಂದು ಕೇಳಿದೆ. ಸುಧಾಕರ್ ಎಂದರು.

ಇನ್ನು ಪರೀಕ್ಷೆ. ಅವಳು ಬಳಸಿದ ಬೋರ್ಡಿನಲ್ಲಿ ವೈಫೈ ಇತ್ತು. ಈಗಿನ ಬಹುತೇಕ ಬೋರ್ಡುಗಳಲ್ಲಿ ಬೇಕಾಗಲಿ ಬೇಡವಾಗಲಿ ಅದು ಇರುತ್ತದೆ. ಮಾಹಿತಿ ಹೊರಗೆ ಕಳಿಸುವ ಸಾಧ್ಯತೆ ಇದೆ ಎಂಬ ವಿಕ್ರಮನ ಮಾತನ್ನು ಹಾಗಾಗಿ ನಾನು ತಳ್ಳಿಹಾಕಲಿಲ್ಲ. ಕಳಿಸುತ್ತಿತ್ತೇ ಎಂದು ನೋಡಬೇಕು, ಅದಕ್ಕೇ ಪರೀಕ್ಷೆ. ಚಿಪ್ಪಿನೊಳಗಿನ ಪ್ರೋಗ್ರಾಮನ್ನು ಹೊರಗೆ ಓದಿ ತೆಗೆದು, ಅವಳು ಕೊಟ್ಟ ಮೂಲ ಬರಹದ ಜೊತೆ ಹೋಲಿಸಿದೆ. ಆ ಓದುವ ಸಾಧನದ ಬಳಕೆಯ ವಿವರ ಅವಳ ಫೋಲ್ಡರಿನ ತಾಣವೊಂದರಲ್ಲೇ ಇತ್ತು. ಕಂಪನಿಯ ಜಾಲದಲ್ಲಿ ಆ ಪುಟ ತೆರೆಯಲು ಹೋದರೆ ‘ಹ್ಯಾಕಿಂಗ್ ವರ್ಗದ ತಾಣ, ನಿರ್ಬಂಧಿಸಲಾಗಿದೆ’ ಎಂದು ಬಂತು. ವಿಕ್ರಮನ ವರದಿಯ ನಂತರ ಅವನ್ನೆಲ್ಲ ಮುಚ್ಚಿಸಿದ್ದರು. ಅವರ ಕೆಲಸಕ್ಕೇ ಬೇಕಾದ ಪುಸ್ತಕಕ್ಕೆ ಅವರೇ ಬೀಗ ಜಡಿದುಕೊಂಡಿದ್ದರು. ನನ್ನ ಮೊಬೈಲಿನ ಇಂಟರ್‌ನೆಟ್ ಹಾಕಿಕೊಂಡು ಕೆಲಸ ಮುಗಿಸಿದೆ. ಪ್ರೋಗ್ರಾಮಿನಲ್ಲಿ ವೈಫೈ ಚಾಲೂ ಮಾಡುವ ಸಾಲೇ ಇರಲಿಲ್ಲ. ಅಷ್ಟಕ್ಕೇ ಬಿಡದೆ ಬೋರ್ಡು ಎಳೆಯುವ ವಿದ್ಯುತ್ತನ್ನೂ ಅಳೆದೆ. ವೈಫೈ ರೇಡಿಯೋ ಕೆಲಸ ಮಾಡಿದರೆ ಮಾಪಕದ ಪರದೆಯ ಮೇಲೆ ವಿದ್ಯುತ್ತಿನ ಗೆರೆ ಥಟ್ಟನೆ ಮೇಲೇಳಲೇಬೇಕು. ಒಂದು ಮಧ್ಯಾಹ್ನ ಪೂರ್ತಿ ನೋಡಿದೆ, ಏಳಲಿಲ್ಲ. ಮೆಮೊರಿ ಕಾರ್ಡಿನಲ್ಲಿ ಹೊತ್ತು ಮತ್ತು ಗಾಳಿಯ ಅಳತೆ ಬಿಟ್ಟರೆ ಒಂದಕ್ಷರವಿರಲಿಲ್ಲ.

ವಿಚಾರಣೆ ಅದರ ಮುಂದಿನ ವಾರ, ಅದೇ ಐದನೇ ಮಹಡಿಯ ಗಾಜಿನ ಮೀಟಿಂಗ್ ರೂಮಿನಲ್ಲಿ ನಡೆಯಿತು. ಪದ್ಮಜಾ ಅಧ್ಯಕ್ಷೆ. ಒಂದು ಬದಿಗೆ ಸುಧಾಕರ್ ಮತ್ತು ವಿಕ್ರಮ್, ಎದುರಿಗೆ ರೇಣುಕಾ. ಹೇಳಿಕೆ ಟೈಪ್ ಮಾಡಲು ಒಬ್ಬ ಸಿಬ್ಬಂದಿ. ಸುಧಾಕರ್ ಐವತ್ತರ ಆಸುಪಾಸಿನ, ಶರ್ಟಿನ ಇಸ್ತ್ರಿ ಮುರಿಯದ ಮನುಷ್ಯ. ಆರೋಪಿಯ ಹೆಸರು ಹೇಳುವುದೂ ತಮಗೆ ಕಡಿಮೆ ಎಂಬಂತೆ ಮೊದಲಿಂದ ಕೊನೆಯವರೆಗೂ ‘ಆ ರಿಸೋರ್ಸ್’ ಎಂದೇ ಕರೆದರು. ಡಬ್ಬಿ ಅಪಾಯಕಾರಿಯಲ್ಲ ಎಂದು ನಾನು ಖಾತ್ರಿ ಮಾಡಿಕೊಂಡಿರುವುದರಿಂದ, ಅದು ಏನು ಮಾಡುತ್ತದೆ ಎಂದು ಎಲ್ಲರೂ ನೋಡಲಿ ಎಂದು ಹೇಳಿ, ಮೇಜಿನ ನಡುವೆ ಇಟ್ಟು ಚಾಲೂ ಮಾಡಿದೆ. ವಿಕ್ರಮ್ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆಳೆದುಕೊಂಡ.

ಮೊದಲು ಅವನ ವರದಿಯನ್ನೇ ಓದಿಸಿದೆ. ಡೇಟಾಶೀಟ್ ಎಂದರೇನು ಎಂದು ಕೇಳಿದೆ. ಅದು ತಯಾರಕರ ಆಂತರಿಕ ದಾಖಲೆ ಎಂದ. ಮತ್ತೆ ನನ್ನ ಮೊಬೈಲಿನ ಇಂಟರ್‌ನೆಟ್ ಹಾಕಿಕೊಂಡು, ತಯಾರಕರ ಸ್ವಂತ ತಾಣದ ಮುಖಪುಟದಲ್ಲಿ, ಲಾಗಿನ್ ಕೂಡ ಕೇಳದೆ ಅದು ಸಿಗುವುದನ್ನು ತೋರಿಸಿದೆ. ಸಿಮ್ಯುಲೇಟರ್ ತೆರೆದು, ಪರದೆಯ ಮೇಲೆ ಒಂದು ಕೆಂಪು ದೀಪ ಮಿನುಗಿಸಿ, ಇದರಿಂದ ಯಾವ ದಾಳಿಯ ತಾಲೀಮು ಮಾಡಬಹುದು ಎಂದು ಕೇಳಿದೆ. ಅವನು ಸುಧಾಕರ್ ಮುಖ ನೋಡಿದ. ಡಬ್ಬಿಯೊಳಗಿನ ಯಾವ ಭಾಗ ಸೆನ್ಸರ್, ಯಾವುದು ಮೆಮೊರಿ ಕಾರ್ಡ್ ಎಂದು ಬೆರಳಿಟ್ಟು ತೋರಿಸಲು ಹೇಳಿದಾಗ, ತನ್ನ ಪರಿಣತಿ ಪಾಲಿಸಿ ಮಟ್ಟದ್ದು ಎಂದ. ನನ್ನ ವೃತ್ತಿಯಲ್ಲಿ ಎಷ್ಟೋ ಬಗೆಯ ಅಜ್ಞಾನ ನೋಡಿದ್ದೇನೆ, ಅದಕ್ಕೆ ‘ಪಾಲಿಸಿ ಮಟ್ಟ’ ಎಂಬ ಹೆಸರಿರುವುದು ಅಂದೇ ತಿಳಿದದ್ದು.

ಈ ನಡುವೆ ಡಬ್ಬಿಯ ಪುಟ್ಟ ಪರದೆಯ ಮೇಲಿನ ಅಂಕಿ ಏರುತ್ತಿತ್ತು. ಶುರುವಿನಲ್ಲೇ ಸಾವಿರದ ಇನ್ನೂರರ ಮೇಲಿತ್ತು. ಬಾಗಿಲು ಹಾಕಿಕೊಂಡು ಆರು ಜನ ಕೂತಿದ್ದೆವು. ತಾಣಗಳ ಪಟ್ಟಿ ಮುಗಿಯುವ ಹೊತ್ತಿಗೆ ಎರಡು ಸಾವಿರ ದಾಟಿತು. ವಿಕ್ರಮ್ ಆಕಳಿಸತೊಡಗಿದ್ದ. ಪದ್ಮಜಾ ಹಣೆ ಒತ್ತಿಕೊಳ್ಳುತ್ತ ಕಾಫಿ ತರಲು ಹೇಳಿದರು. ಆಮೇಲೆ ಅವರ ಕಣ್ಣು ಡಬ್ಬಿಯ ಮೇಲೆ ನಿಂತಿತು. ಆ ಸಂಖ್ಯೆ ಏನು ಎಂದು ಕೇಳಿದರು.

ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಪಾಲು ಎಂಬುದು ಆ ಸಂಖ್ಯೆ ಎಂದೆ. ಹೊರಗಿನ ಬಯಲಿನಲ್ಲಿ ಅದು ನಾನೂರರ ಮೇಲೆ ಸ್ವಲ್ಪ ಇರುತ್ತದೆ. ಜನ ಕೂತ ಕೋಣೆಯಲ್ಲಿ ಸಾವಿರದ ಆಸುಪಾಸಿನವರೆಗೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇದು ವಿಷವಲ್ಲ, ಆದರೆ ನಾವು ಬಿಟ್ಟ ಉಸಿರನ್ನೇ ನಾವು ಮತ್ತೆ ಎಳೆದುಕೊಳ್ಳುತ್ತಿದ್ದೇವೆ, ಹೊಸ ಗಾಳಿ ಒಳಗೆ ಬರುತ್ತಿಲ್ಲ ಎಂಬುದರ ಲೆಕ್ಕ. ಎರಡು ವರ್ಷ ಪರರ ಉಸಿರಿಗೆ ಹೆದರಿ ಮನೆಯೊಳಗೆ ಕೂತು ಬಂದವರಿಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ ಎಂದೆ.

ಸುಧಾಕರ್ ಮುಂದಕ್ಕೆ ಬಾಗಿದರು. “ಆ ಡಬ್ಬಿಗೆ ಪ್ರೋಗ್ರಾಮ್ ಬರೆದದ್ದು ಆ ರಿಸೋರ್ಸ್. ತನಗೆ ಬೇಕಾದ ನಂಬರ್ ಬರೆದಿರುತ್ತಾಳೆ. ಅದನ್ನು ಹೇಗೆ ನಂಬುವುದು?”

ಅಂದು ಅವರು ಆಡಿದ ಅರ್ಥವಿದ್ದ ಮಾತು ಅದೊಂದೇ. ನನ್ನ ಚೀಲದಲ್ಲಿ ಪ್ರಯೋಗಾಲಯದ ಪ್ರಮಾಣಪತ್ರವಿದ್ದ ಮೀಟರ್ ಇತ್ತು, ಬೆಳಗಿನಿಂದಲೂ ಓಡುತ್ತಿತ್ತು. ತೆಗೆದು ಡಬ್ಬಿಯ ಪಕ್ಕಕ್ಕಿಟ್ಟೆ. ಎರಡರ ಅಂಕಿಗಳ ನಡುವಿನ ವ್ಯತ್ಯಾಸ, ಅಂಥ ಉಪಕರಣಗಳಿಗೆ ಬಿಡುವ ತಪ್ಪಿನ ಮಿತಿಯೊಳಗೇ ಇತ್ತು. ಎರಡನ್ನೂ ಹಿಡಿದುಕೊಂಡು ಕಾರಿಡಾರಿಗೆ ಹೋದೆವು. ಅಲ್ಲಿಯೂ ಹೆಚ್ಚೇನೂ ಇಳಿಯಲಿಲ್ಲ. ಲಿಫ್ಟ್ ಹತ್ತಿ ಮಾಳಿಗೆಗೆ ಹೋಗಿ ಬಿಸಿಲಲ್ಲಿ ನಿಂತಾಗ ಎರಡೂ ಜೊತೆಜೊತೆಗೆ ಇಳಿಯುತ್ತ ಬಂದು ನಾನೂರರ ಮೇಲೆ ನಿಂತವು. ರೇಣುಕಾ ಪರದೆಯನ್ನೇ ನೋಡುತ್ತ ನಿಂತಿದ್ದಳು, ಕಣ್ಣು ತುಂಬಿದ್ದವು.

ದೊಡ್ಡ ಕಟ್ಟಡಗಳಲ್ಲಿ ಗಾಳಿ ತಂಪು ಮಾಡಿ ಹಂಚುವ ಯಂತ್ರಕ್ಕೆ ಮಹಡಿಗೊಂದು ಕೋಣೆ ಇರುತ್ತದೆ. ಹೊರಗಿನ ಹೊಸ ಗಾಳಿಯನ್ನು ಅಷ್ಟಿಷ್ಟು ಒಳಗೆ ಬಿಡಲು ಅದರಲ್ಲಿ ಹಲಗೆ ಹಲಗೆಯ ಒಂದು ಬಾಗಿಲಿದ್ದು, ಅದಕ್ಕೆ ಡ್ಯಾಂಪರ್ ಎನ್ನುತ್ತಾರೆ. ಐದನೇ ಮಹಡಿಯ ಆ ಕೋಣೆ ನೋಡಬೇಕು ಎಂದೆ. ಕೀಲಿಕೈ ಎಲ್ಲಿದೆಯೋ ತಿಳಿಯದು ಎಂದರು ಸುಧಾಕರ್. ಹುಡುಕಿಸಿ ಎಂದು ಪದ್ಮಜಾ ಹೇಳಿದ ದನಿಯಲ್ಲಿ ಮೊದಲ ಬಾರಿಗೆ ನನಗೆ ಒಂದಿಷ್ಟು ಬಿಗಿ ಕಂಡಿತು. ಕೀಲಿಕೈ ಸುಧಾಕರ್ ಅವರ ಮೇಜಿನಲ್ಲೇ ಇತ್ತು. ಒಳಗೆ ಡ್ಯಾಂಪರ್ ಪೂರ್ತಿ ಮುಚ್ಚಿತ್ತು. ಅದನ್ನು ತೆರೆಯುವ ಮೋಟಾರಿನ ತಂತಿಯನ್ನು ಬಿಚ್ಚಿ, ಟೇಪು ಸುತ್ತಿ, ಅಚ್ಚುಕಟ್ಟಾಗಿ ಪಕ್ಕಕ್ಕೆ ಕಟ್ಟಿಟ್ಟಿದ್ದರು. ಹೈದರಾಬಾದಿನ ಬೇಸಿಗೆಯ ಬಿಸಿ ಗಾಳಿಯನ್ನು ಒಳಗೆ ತಂದು ತಂಪು ಮಾಡಲು ವಿದ್ಯುತ್ತು ಖರ್ಚಾಗುತ್ತದೆ. ತರದಿದ್ದರೆ ಉಳಿಯುತ್ತದೆ. ಹಾಗೆ ಉಳಿಸಿದ್ದಕ್ಕೆ ಸುಧಾಕರ್ ಅವರಿಗೆ ಕಂಪನಿಯೇ ಪ್ರಶಸ್ತಿ ಕೊಟ್ಟಿತ್ತು ಎಂಬುದು ಆಗ ಅವರ ಬಾಯಿಂದಲೇ ಬಂತು.

“ಇದು ಮ್ಯಾನೇಜ್‌ಮೆಂಟ್ ಮೆಚ್ಚಿದ ಎನರ್ಜಿ ಸೇವಿಂಗ್,” ಎಂದರು. “ಮೇಡಂ, ಆ ಸರ್ಟಿಫಿಕೇಟಿಗೆ ನೀವೂ ಸಹಿ ಮಾಡಿದ್ದೀರಿ.”

ಇನ್ನೂರು ಮುನ್ನೂರು ಜನರ ಉಸಿರು ಕಟ್ಟಿಸಿ ತೆಗೆದ ಪ್ರಶಸ್ತಿ. ಅದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆ ಹುಡುಕಿದೆ. ಸಿಕ್ಕಿದ್ದು, ತನ್ನ ಸಾಧನೆ ಯಾರಿಗೂ ಅರ್ಥವಾಗಲಿಲ್ಲವಲ್ಲ ಎಂಬ ನೋವು.

ಹೊರಡುವಾಗ ಪದ್ಮಜಾ ಲಿಫ್ಟಿನವರೆಗೆ ಬಂದರು. ಡಬ್ಬಿ ಮಾಹಿತಿ ಕದಿಯುತ್ತಿರಲಿಲ್ಲ ಎಂದು ಬರೆದರೆ ಸಾಕು, ಗಾಳಿಯ ವಿಷಯ ವಿಚಾರಣೆಯ ವ್ಯಾಪ್ತಿಗೆ ಹೊರಗಿನದು, ಅದನ್ನು ನಾವೇ ಒಳಗೆ ನೋಡಿಕೊಳ್ಳುತ್ತೇವೆ ಎಂದರು. ಕೆಟ್ಟ ಹೆಂಗಸೆಂದು ನನಗೆ ಅನ್ನಿಸಲಿಲ್ಲ. ಯಾವುದು ಸರಿ ಎಂದು ಗೊತ್ತಿದ್ದೂ, ಅದು ಕಾಗದದ ಮೇಲೆ ಬರಬಾರದು ಎನ್ನುವ ಜಾತಿ. ಇಂಥವರೇ ನನಗೆ ವಿಕ್ರಮನಂಥವರಿಗಿಂತ ಹೆಚ್ಚು ಬೇಸರ ತರಿಸುತ್ತಾರೆ.

“ಡಬ್ಬಿ ಏನು ಮಾಡುತ್ತಿತ್ತು ಎಂದು ನೀವು ನನ್ನನ್ನು ಕೇಳಿದ್ದೀರಿ,” ಎಂದೆ. “ಅದು ಗಾಳಿ ಅಳೆಯುತ್ತಿತ್ತು. ಎಷ್ಟು ಅಳೆಯಿತು ಎಂದು ಬರೆಯದಿದ್ದರೆ ನನ್ನ ಉತ್ತರ ಅರ್ಧವಾಗುತ್ತದೆ. ಅರ್ಧ ಉತ್ತರದ ಕೆಳಗೆ ನಾನು ಸಹಿ ಹಾಕುವುದಿಲ್ಲ.”

ಎಲ್ಲವನ್ನೂ ಬರೆದೆ. ಡ್ಯಾಂಪರಿನ ಫೋಟೋ ಲಗತ್ತಿಸಿದೆ. ಸುಧಾಕರ್ ಅವರಿಗೆ ರೇಣುಕಾ ಕಳಿಸಿದ್ದ ಎಲ್ಲ ಮೇಲ್‌ಗಳನ್ನು ಸೇರಿಸಿದೆ. ವಿಕ್ರಮನ ವರದಿಯ ಬಗ್ಗೆ ಒಂದೇ ವಾಕ್ಯ ಬರೆದೆ: ಉಪಕರಣವನ್ನು ಪರೀಕ್ಷಿಸದೆ ಉಪಕರಣದ ಬಗ್ಗೆ ಬರೆದ ವರದಿಯಾದ್ದರಿಂದ ಇದನ್ನು ಪರಿಗಣಿಸುವಂತಿಲ್ಲ.

ಪೊಲೀಸ್ ದೂರಿನ ಮಾತು ಅಲ್ಲಿಗೆ ನಿಂತಿತು. ಅಮಾನತು ರದ್ದಾಯಿತು. ಆದರೆ ಕ್ಷಮೆ ಕೇಳುವ ಪದ ಆ ಕಂಪನಿಯ ನಿಘಂಟಿನಲ್ಲಿರಲಿಲ್ಲ. ‘ತಪ್ಪು ಗ್ರಹಿಕೆಯಿಂದಾದ ಪ್ರಕರಣ ಮುಕ್ತಾಯ’ ಎಂದು ಬರೆದು, ಅದೇ ಹಾಳೆಯಲ್ಲಿ, ಅನುಮತಿಯಿಲ್ಲದೆ ಸ್ವಂತ ಉಪಕರಣ ತಂದದ್ದಕ್ಕೆ ರೇಣುಕಾಗೆ ಎಚ್ಚರಿಕೆಯನ್ನೂ ಕೊಟ್ಟರು. ಡ್ಯಾಂಪರ್ ತೆರೆದರು. ಸುಧಾಕರ್ ಅವರನ್ನು ಇನ್ನೊಂದು ಕಟ್ಟಡಕ್ಕೆ ಕಳಿಸಿದರು, ಅದು ಇದಕ್ಕಿಂತ ದೊಡ್ಡ ಕಟ್ಟಡ.

ಮಳೆಗಾಲ ಶುರುವಾದ ಮೇಲೆ ರೇಣುಕಾ ಫೋನ್ ಮಾಡಿದಳು. ಕೆಲಸ ಬಿಟ್ಟಿದ್ದೇನೆ, ನೀರಿನ ಪಂಪುಗಳಿಗೆ ಕಂಟ್ರೋಲರ್ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಸೇರಿದ್ದೇನೆ, ಸಂಬಳ ಕಡಿಮೆ ಎಂದಳು. ತಲೆನೋವು ಹೋಯಿತೇ ಎಂದು ಕೇಳಿದೆ. ಡ್ಯಾಂಪರ್ ತೆರೆದ ವಾರದಲ್ಲೇ ಹೋಯಿತಂತೆ. ಹಾಗಾದರೆ ಬಿಟ್ಟದ್ದು ಯಾಕೆ ಎಂದೆ.

“ಗಾಳಿ ಛಲೋ ಆತ್ರಿ ಸರ್,” ಎಂದಳು. “ನಾ ಹೋಗಿ ಕುಂತ್ರ ಮಂದಿ ಲ್ಯಾಪ್‌ಟಾಪ್ ಮುಚ್ಚತಿದ್ರು. ತಪ್ಪಿಲ್ಲ ಅಂತ ಕಾಗದ ಬಂದೈತಿ, ಆದ್ರ ಅದನ್ನ ಯಾರೂ ಓದಿಲ್ಲ.”

ಮರುವರ್ಷ ಬೇರೊಂದು ವಿಚಾರಣೆಗೆ ಅದೇ ಕಂಪನಿ ನನ್ನನ್ನು ಕರೆಯಿತು. ಕರೆದರಲ್ಲ ಎಂದು ನನಗೇ ಆಶ್ಚರ್ಯವಾಯಿತು. ಹೋದಾಗ ಕೆಳಗಿನ ಲಾಬಿಯ ಗೋಡೆಯ ಮೇಲೆ ಟಿ.ವಿ. ಗಾತ್ರದ ಹೊಸ ಪರದೆಯೊಂದು ಹೊಳೆಯುತ್ತಿತ್ತು. ಒಳಗಿನ ಗಾಳಿಯ ಗುಣಮಟ್ಟವನ್ನು ಕ್ಷಣಕ್ಷಣಕ್ಕೂ ತೋರಿಸುವ, ದುಬಾರಿ ವಿದೇಶಿ ಉಪಕರಣ. ಅಂಕಿ ನಾನೂರೈವತ್ತು, ಸುತ್ತ ಹಸಿರು ಬಣ್ಣ, ಕೆಳಗೆ ‘ನಿಮ್ಮ ಉಸಿರು, ನಮ್ಮ ಕಾಳಜಿ’ ಎಂದು ಇಂಗ್ಲಿಷಿನಲ್ಲಿ. ಅದರ ಎದುರಿಗೇ ಮುಖ್ಯದ್ವಾರ. ಬರುವವರು ಹೋಗುವವರಿಂದ ಆ ಬಾಗಿಲು ದಿನವೆಲ್ಲ ಮುಚ್ಚುವುದೇ ಇಲ್ಲ. ಮೇಲಿನ ಮಹಡಿಗಳಲ್ಲಿಯೂ ಇಂಥದ್ದು ಹಾಕಿದ್ದಾರೆಯೇ ಎಂದು ರಿಸೆಪ್ಶನ್ನಿನ ಹುಡುಗಿಯನ್ನು ಕೇಳಿದೆ.

“ಮೇಲೆ ಯಾಕೆ ಸರ್,” ಎಂದಳು ಅವಳು, ಹಿಂದಿಯಲ್ಲಿ, ಬಹಳ ವಿನಯದಿಂದ. “ಕ್ಲೈಂಟ್‌ಗಳು ಬರುವುದು ಇಲ್ಲಿಗೆ.”

ಉಪಕರಣ ಪರೀಕ್ಷಿಸುವುದೇ ಕೆಲಸವಾಗಿದ್ದವನಿಗೆ ಅಂಕಿ ಸರಿಯಿದೆಯೇ ಎಂದು ಮೊದಲು ನೋಡುವ ಚಾಳಿ ಇರುತ್ತದೆ. ಆ ಲಾಬಿಯಲ್ಲಿ ನಿಂತ ದಿನದಿಂದ ನಾನು ಆ ಚಾಳಿ ಬದಲಿಸಿಕೊಂಡೆ. ಮೀಟರ್ ಯಾವುದೇ ಇರಲಿ, ಎಷ್ಟೇ ಹೊಳೆಯಲಿ, ಅದನ್ನು ಯಾವ ಜಾಗದಲ್ಲಿ ಇಟ್ಟಿದ್ದಾರೆ, ಆ ಜಾಗವನ್ನು ಯಾರು ಆರಿಸಿದರು ಎಂದು ಮೊದಲು ಕೇಳುತ್ತೇನೆ. ಅಂಕಿ ಓದುವುದು ಆಮೇಲಿನ ಮಾತು.